ಕನ್ನಡದ ಹುಡುಕಾಟವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ: ಸ್ಪರ್ಧಾ ಆಯೋಗಕ್ಕೊಂದು ಬಹಿರಂಗ ಪತ್ರ

ಗೆ,
ಮಾನ್ಯ ಅಧ್ಯಕ್ಷರು ಮತ್ತು ಸದಸ್ಯರು,
ಭಾರತೀಯ ಸ್ಪರ್ಧಾ ಆಯೋಗ, ನವದೆಹಲಿ.

ಪ್ರತಿ: ಕಂಪನಿ ವ್ಯವಹಾರಗಳ ಸಚಿವಾಲಯ, ಕರ್ನಾಟಕ ಸರ್ಕಾರದ ಇ-ಆಡಳಿತ ಇಲಾಖೆ.

ವಿಷಯ: ಸರ್ಚ್ ಎಂಜಿನ್‌ಗಳ ನಡುವಿನ ಪೈಪೋಟಿಯನ್ನು ಭಾಷಾವಾರು ಅಳೆದು, ಭಾಷಾವಾರು ಪರಿಹಾರ ಆದೇಶಿಸುವ ಬಗ್ಗೆ.

ಮಾನ್ಯರೇ,

ತಿಪಟೂರಿನ ಎಪಿಎಂಸಿಯಲ್ಲಿ ಕೊಬ್ಬರಿ ಹರಾಜಾದ ದಿನ ಅದರ ದರ ತಿಳಿಯಬೇಕೆಂದವರು ಫೋನಿನಲ್ಲಿ ಏನೆಂದು ಬರೆಯುತ್ತಾರೆ? ಕೆಲವರು ಕೊಬ್ಬರಿ ಎನ್ನುತ್ತಾರೆ, ಕೆಲವರು ಕೊಬ್ರಿ. ಅದರ ಮುಂದೆ ಬೆಲೆ, ದರ, ರೇಟು, ಧಾರಣೆ, ಅಲ್ಪಪ್ರಾಣದ ದಾರಣೆ, ಈ ಐದರಲ್ಲಿ ಒಂದು. ಅದರ ಜೊತೆಗೆ ಇಂದು, ಇಂದಿನ, ಇವತ್ತು, ಇವತ್ತಿನ, ಈ ನಾಲ್ಕರಲ್ಲಿ ಒಂದು. ಎರಡು, ಐದು, ನಾಲ್ಕು ಗುಣಿಸಿದರೆ 40 ರೂಪ. ಇದನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವವರನ್ನೂ ಸೇರಿಸಿದರೆ 80. ಇಂಗ್ಲಿಷ್ ಅಕ್ಷರದಲ್ಲಿ ಒಂದೊಂದು ಪದಕ್ಕೂ ಮೂರು ನಾಲ್ಕು ಕಾಗುಣಿತ ಇರುತ್ತದೆ. ಅದನ್ನು ಬಿಟ್ಟೇ ಈ ಲೆಕ್ಕ. ಕೇಳಿದ ಪ್ರಶ್ನೆ ಮಾತ್ರ ಒಂದೇ.

ಈ ಎಂಬತ್ತೂ ಒಂದೇ ಪ್ರಶ್ನೆ ಎಂದು ಗುರುತಿಸುವುದು ಸರ್ಚ್ ಎಂಜಿನ್‌ನ ಮುಖ್ಯ ಕಸುಬು. ಅದು ಈ ಕಸುಬನ್ನು ಬಹುಪಾಲು ಕಲಿಯುವುದು ಜನರಿಂದ: ಯಾರು ಏನು ಬರೆದರು, ಬಂದ ಹತ್ತು ಫಲಿತಾಂಶಗಳಲ್ಲಿ ಯಾವುದನ್ನು ಒತ್ತಿದರು, ಒತ್ತಿದ ಮೇಲೆ ಅಲ್ಲೇ ಉಳಿದರೋ ತಕ್ಷಣ ಹಿಂದಕ್ಕೆ ಬಂದರೋ. ಭಾರತದಲ್ಲಿ ಗೂಗಲ್‌ನ ಪಾಲು ವೆಬ್ ಬಳಕೆ ಅಳೆಯುವ ಸ್ಟ್ಯಾಟ್‌ಕೌಂಟರ್ ಸಂಸ್ಥೆಯ ಲೆಕ್ಕದ ಪ್ರಕಾರ ಶೇ 95ಕ್ಕೂ ಮೇಲಿದೆ. ಎಂದರೆ ಕನ್ನಡಿಗರ ಈ ಕ್ಲಿಕ್‌ಗಳೆಲ್ಲ ಹೆಚ್ಚುಕಡಿಮೆ ಒಂದೇ ಕಂಪನಿಯ ಉಗ್ರಾಣ ಸೇರುತ್ತಿವೆ. ಇನ್ನೊಬ್ಬರು ಕನ್ನಡದ ಹುಡುಕಾಟವನ್ನು ಚೆನ್ನಾಗಿ ಕಟ್ಟುತ್ತೇವೆಂದು ಹೊರಟರೆ ಕಲಿಯುವುದಕ್ಕೆ ಪಾಠವೇ ಸಿಗದು.

ಆಯೋಗ ಈ ಮಾರುಕಟ್ಟೆಯನ್ನು ಎರಡು ಬಾರಿ ಆಳವಾಗಿ ನೋಡಿದೆ. ಮ್ಯಾಟ್ರಿಮೊನಿ ಡಾಟ್ ಕಾಮ್ ಮತ್ತು ಗ್ರಾಹಕ ಸಂಘಟನೆಯಾದ ಕಟ್ಸ್, ಈ ಎರಡು ಸಂಸ್ಥೆಗಳ 2012ರ ದೂರಿನ ಮೇಲೆ 2018ರ ಫೆಬ್ರುವರಿ 8ರಂದು ಗೂಗಲ್‌ಗೆ 135.86 ಕೋಟಿ ರೂಪಾಯಿ ದಂಡ ವಿಧಿಸಿತು. 2022ರ ಅಕ್ಟೋಬರ್ 20ರಂದು ಆಂಡ್ರಾಯ್ಡ್ ಪ್ರಕರಣದಲ್ಲಿ 1,337.76 ಕೋಟಿ ರೂಪಾಯಿ. ಎರಡರಲ್ಲೂ ‘ಭಾರತದಲ್ಲಿ ಸಾಮಾನ್ಯ ವೆಬ್ ಹುಡುಕಾಟದ ಸೇವೆ’ ಎಂಬುದನ್ನು ಒಂದು ಮಾರುಕಟ್ಟೆಯಾಗಿ ಹಿಡಿಯಲಾಯಿತು. ಪ್ರಾಬಲ್ಯ ಇದೆಯೇ ಇಲ್ಲವೇ ಎಂದು ತೀರ್ಮಾನಿಸಲು ಅದು ಸಾಕಾಗಿತ್ತು, ಆ ಬಗ್ಗೆ ನಮ್ಮ ತಕರಾರಿಲ್ಲ. ಪರಿಹಾರ ರೂಪಿಸುವಾಗ ಮಾತ್ರ ಅದು ಸಾಲುವುದಿಲ್ಲ. ಇಂಗ್ಲಿಷ್‌ನಲ್ಲಿ ಹುಡುಕುವವರಿಗೆ ಬಿಂಗ್ ಇದೆ, ಬ್ರೇವ್ ಇದೆ, ಡಕ್‌ಡಕ್‌ಗೋ ಇದೆ. ಬಳಸದಿದ್ದರೂ ಬಳಸಬಹುದಾದ ಗುಣಮಟ್ಟದಲ್ಲಿವೆ. ಕನ್ನಡದಲ್ಲಿ ಹುಡುಕುವವರು ಎಂಜಿನ್ ಬದಲಿಸಿ ನೋಡಿದರೆ ಎರಡನೇ ದಿನವೇ ವಾಪಸು ಬರುತ್ತಾರೆ, ಯಾಕೆಂದರೆ ಅಲ್ಲಿ ಉತ್ತರ ಸಿಗುವುದಿಲ್ಲ. 2011ರ ಜನಗಣತಿಯಲ್ಲಿ ಕನ್ನಡ ತಾಯ್ನುಡಿ ಎಂದು ಬರೆಸಿದವರು 4.37 ಕೋಟಿ. ಇಷ್ಟು ಜನರ ಭಾಷೆಗೆ ಇರುವ ಆಯ್ಕೆ ಎಷ್ಟು ಎಂಬ ಅಂಕಿ ಆಯೋಗದ ಯಾವ ಆದೇಶದಲ್ಲೂ ಇಲ್ಲ.

ಕ್ಲಿಕ್‌ಗಳ ಮಾತು ನಮ್ಮ ಊಹೆಯಲ್ಲ. 2024ರ ಆಗಸ್ಟ್ 5ರಂದು ಅಮೆರಿಕದ ನ್ಯಾಯಾಧೀಶ ಅಮಿತ್ ಮೆಹ್ತಾ ಗೂಗಲ್ ಏಕಸ್ವಾಮ್ಯವನ್ನು ಕಾನೂನುಬಾಹಿರವಾಗಿ ಕಾಯ್ದುಕೊಂಡಿದೆ ಎಂದು ತೀರ್ಪಿತ್ತಾಗ ಇದನ್ನು ಅಂಕಿಗಳಲ್ಲಿ ದಾಖಲಿಸಿದರು. ಗೂಗಲ್ 13 ತಿಂಗಳಲ್ಲಿ ಕೂಡಿಹಾಕುವ ಬಳಕೆದಾರರ ದತ್ತಾಂಶ ಬಿಂಗ್‌ನ 17 ವರ್ಷಕ್ಕೂ ಹೆಚ್ಚಿನ ದತ್ತಾಂಶಕ್ಕೆ ಸಮ. 37 ಲಕ್ಷ ಬಗೆಯ ಹುಡುಕುಪದಗಳನ್ನು ಹೋಲಿಸಿದಾಗ ಅವುಗಳಲ್ಲಿ ಶೇ 93ರಷ್ಟು ಗೂಗಲ್‌ಗೆ ಮಾತ್ರ ಬಂದಿದ್ದವು. ಬಿಂಗ್‌ಗೆ ಮಾತ್ರ ಬಂದವು ಶೇ 4.8. ನೆನಪಿಡಬೇಕಾದ ಸಂಗತಿ, ಬಿಂಗ್ ಇಂಗ್ಲಿಷ್‌ನಲ್ಲಿ ತಕ್ಕಮಟ್ಟಿಗೆ ಬಳಕೆಯಲ್ಲಿರುವ ದೇಶದ ಕಥೆ ಇದು. ಹವಾಮಾನ, ಕ್ರಿಕೆಟ್ ಸ್ಕೋರು, ಸಿನಿಮಾ ಹೆಸರಿನಂಥ ದೊಡ್ಡ ಪದಗಳನ್ನು ಎಲ್ಲ ಎಂಜಿನ್‌ಗಳೂ ನಿಭಾಯಿಸುತ್ತವೆ. ಅಪರೂಪಕ್ಕೆ ಕೇಳುವ, ಉದ್ದನೆಯ, ಊರಿನ ಹೆಸರು ಬೆರೆತ ಪ್ರಶ್ನೆಗಳಲ್ಲೇ ಗೆಲುವು ಸೋಲು ತೀರ್ಮಾನವಾಗುವುದು. ಕನ್ನಡದ ಪ್ರಶ್ನೆಗಳಲ್ಲಿ ಬಹುಪಾಲು ಈ ಜಾತಿಗೆ ಸೇರಿದವು.

ಇದಕ್ಕೆ ಭಾಷೆಯ ಸ್ವಭಾವವೇ ಕಾರಣ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಇಂಗ್ಲಿಷ್ ನಾಮಪದಕ್ಕೆ ಏಕವಚನ, ಬಹುವಚನ ಎಂದು ಎರಡೇ ರೂಪ ಎನ್ನಬಹುದು. ನಮ್ಮಲ್ಲಿ ಪಹಣಿ, ಪಹಣಿಯ, ಪಹಣಿಯಲ್ಲಿ, ಪಹಣಿಯಲ್ಲಿನ, ಪಹಣಿಗೆ, ಪಹಣಿಗಳನ್ನು, ಪಹಣಿಯೂ, ಪಹಣಿಯಿಂದಲೇ ಎಂದು ಬೆಳೆಯುತ್ತಲೇ ಹೋಗುತ್ತದೆ. ‘ಪಹಣಿ ತಿದ್ದುಪಡಿ’ ಎಂದು ಹುಡುಕಿದವರಿಗೆ ‘ಪಹಣಿಯಲ್ಲಿನ ಹೆಸರನ್ನು ತಿದ್ದಿಸುವುದು ಹೇಗೆ’ ಎಂಬ ಪುಟ ಸಿಗಬೇಕಾದರೆ ಎಂಜಿನ್ ಪ್ರತ್ಯಯಗಳನ್ನು ಕಳಚಿ ಮೂಲಪದ ಹಿಡಿಯಬೇಕು. ಸುಮ್ಮನೆ ಕೊನೆಯ ‘ಗೆ’ ಕತ್ತರಿಸು ಎಂದು ನಿಯಮ ಬರೆದರೆ ಊರಿಗೆ ಎಂಬುದು ‘ಊರಿ’ ಆಗುತ್ತದೆ, ಮತ್ತೆ ಉಕಾರ ಸೇರಿಸಿ ಊರು ಮಾಡಬೇಕು. ಬೇಸಿಗೆ ಎಂಬುದು ‘ಬೇಸಿ’ ಆಗಿಬಿಡುತ್ತದೆ. ಮಲ್ಲಿಗೆ ಹೂವೋ, ಮಲ್ಲಿ ಎಂಬವಳಿಗೆ ಕೊಟ್ಟದ್ದೋ ನಿಯಮಕ್ಕೆ ತಿಳಿಯದು. ಆ ಪದ ಬರೆದವರು ಹೂವಿನ ಪುಟವನ್ನೇ ಒತ್ತುತ್ತಾರೆ ಎಂಬ ಅನುಭವಕ್ಕೆ ಮಾತ್ರ ತಿಳಿಯುತ್ತದೆ.

ಹುಡುಕಾಟ ಕಟ್ಟುವ ಬಹುತೇಕರು ಬಳಸುವ ಮುಕ್ತ ತಂತ್ರಾಂಶ ಲೂಸೀನ್. ಎಲಾಸ್ಟಿಕ್‌ಸರ್ಚ್, ಸೋಲರ್ ಎಂಬ ಹುಡುಕಾಟದ ತಂತ್ರಾಂಶಗಳೆರಡೂ ಅದರ ಮೇಲೆ ನಿಂತಿವೆ. ಅದರಲ್ಲಿ ಹಿಂದಿ, ಬಂಗಾಳಿ, ನೇಪಾಳಿ, ತಮಿಳು, ತೆಲುಗಿಗೆ ಪ್ರತ್ಯೇಕ ಅನಲೈಸರ್ (ಪದ ಬಿಡಿಸಿ ಮೂಲರೂಪ ಹಿಡಿಯುವ ಭಾಗ) ಇದೆ. ಕನ್ನಡಕ್ಕೆ ಇಲ್ಲ, ಭಾರತೀಯ ಲಿಪಿಗಳಿಗೆಲ್ಲ ಸೇರಿ ಇರುವ ಅಕ್ಷರ ಸರಿಪಡಿಸುವ ಭಾಗವನ್ನಷ್ಟೇ ಬಳಸಿಕೊಳ್ಳಬಹುದು. ಅದಾದ ಮೇಲೂ ಕಣ್ಣಿಗೆ ಕಾಣದ ತೊಡಕುಗಳಿವೆ. ‘ಆನ್‌ಲೈನ್’ ಎಂದು ಬಿಡಿಸಿ ಬರೆದಾಗ ನ್ ಮತ್ತು ಲೈ ನಡುವೆ ಒಂದು ಕಾಣದ ಅಕ್ಷರ ಕೂತಿರುತ್ತದೆ. ‘ಆನ್ಲೈನ್’ ಎಂದು ಒತ್ತಕ್ಷರದಲ್ಲಿ ಬರೆದಾಗ ಅದು ಇರುವುದಿಲ್ಲ. ಕಂಪ್ಯೂಟರಿಗೆ ಇವು ಎರಡು ಬೇರೆ ಪದಗಳು. ಪುಟಗಳ ಇಂಡೆಕ್ಸ್ (ಹುಡುಕಾಟದ ಸೂಚಿ) ಮಾಡುವಾಗ ಆ ಕಾಣದ ಅಕ್ಷರವನ್ನು ತೆಗೆದುಹಾಕಬೇಕು, ತೆರೆಯ ಮೇಲೆ ತೋರಿಸುವಾಗ ಉಳಿಸಿಕೊಳ್ಳಬೇಕು. ಹಾಗೆಯೇ ‘ಕೋ’ ಎಂಬ ಅಕ್ಷರದ ಸ್ವರಚಿಹ್ನೆಯನ್ನು ಯೂನಿಕೋಡ್ ಎಂಬ ಕಂಪ್ಯೂಟರಿನ ಅಕ್ಷರಸಂಕೇತ ಪದ್ಧತಿಯಲ್ಲಿ ಒಂದೇ ಸಂಕೇತವಾಗಿಯೂ ಮೂರು ತುಂಡಾಗಿಯೂ ಬರೆದಿಡಬಹುದು. ಸಮೀಕರಿಸದೆ ಹೋದರೆ ಕೋಲಾರ ಎಂದು ಹುಡುಕಿದವರಿಗೆ ಅರ್ಧ ಕೋಲಾರ ಕಾಣೆಯಾಗುತ್ತದೆ. ಇವನ್ನೆಲ್ಲ ಒಬ್ಬ ಒಳ್ಳೆಯ ಎಂಜಿನಿಯರು ಕೆಲವು ವಾರಗಳಲ್ಲಿ ಮಾಡಿ ಮುಗಿಸಬಹುದು. ಎಂಬತ್ತು ರೂಪಗಳ ಹಿಂದೆ ಒಂದೇ ಪ್ರಶ್ನೆ ಇದೆ ಎಂಬ ತಿಳಿವಳಿಕೆ ಮಾತ್ರ ಕೂತು ಬರೆದರೆ ಬರುವಂಥದಲ್ಲ, ಅದಕ್ಕೆ ಜನರ ಬಳಕೆಯ ದಾಖಲೆಯೇ ಬೇಕು.

ಹಾಗಿದ್ದರೆ ಆ ದಾಖಲೆಯನ್ನು ಹಂಚಿಸಿದರೆ ಆಯಿತಲ್ಲ ಎನ್ನಬಹುದು. ಯುರೋಪು ಹಾಗೆ ಮಾಡಲು ಹೊರಟಿದೆ. ಅಲ್ಲಿನ ಡಿಜಿಟಲ್ ಮಾರುಕಟ್ಟೆ ಕಾಯ್ದೆಯ 6ನೇ ವಿಧಿಯ 11ನೇ ಕಲಮು ಹುಡುಕುಪದ, ಕ್ಲಿಕ್, ವೀಕ್ಷಣೆ ಮತ್ತು ರ್‍ಯಾಂಕಿಂಗ್‌ನ ದತ್ತಾಂಶವನ್ನು ನ್ಯಾಯವಾದ ಬೆಲೆಗೆ ಎದುರಾಳಿ ಎಂಜಿನ್‌ಗಳಿಗೆ ಕೊಡಬೇಕೆನ್ನುತ್ತದೆ. ವೈಯಕ್ತಿಕ ವಿವರ ಹೊರಬೀಳದಂತೆ ಅನಾಮಿಕಗೊಳಿಸಿ ಕೊಡಬೇಕು. ಅದಕ್ಕಾಗಿ ಗೂಗಲ್ ಹಾಕಿಕೊಂಡ ನಿಯಮ ಇದು: ಹಿಂದಿನ 13 ತಿಂಗಳಲ್ಲಿ ಜಗತ್ತಿನಾದ್ಯಂತ ಕನಿಷ್ಠ 30 ಮಂದಿ ಲಾಗಿನ್ ಆಗಿರುವ ಬಳಕೆದಾರರು ಬರೆದ ಹುಡುಕುಪದ ಮಾತ್ರ ಪಟ್ಟಿಗೆ ಸೇರುತ್ತದೆ. ಈ ಸೋಸುವಿಕೆಯಲ್ಲಿ ಶೇ 99ರಷ್ಟು ಹುಡುಕುಪದಗಳು ಬಿದ್ದುಹೋಗುತ್ತವೆ ಎಂದು ಡಕ್‌ಡಕ್‌ಗೋ ಆಕ್ಷೇಪಿಸಿತು.

ಈಗ ತಿಪಟೂರಿನ ಕೊಬ್ಬರಿಗೆ ಬನ್ನಿ. ಸಾವಿರ ಜನ ಆ ಪ್ರಶ್ನೆ ಕೇಳಿದರು ಎಂದಿಟ್ಟುಕೊಳ್ಳೋಣ. 80 ರೂಪಗಳಿಗೆ ಹಂಚಿದರೆ ಒಂದೊಂದಕ್ಕೆ ಸರಾಸರಿ 12 ಅಥವಾ 13 ಜನ. ಹೆಚ್ಚು ರೂಢಿಯಲ್ಲಿರುವ ಒಂದೆರಡು ರೂಪ 30ರ ಗಡಿ ದಾಟಬಹುದು, ಮಿಕ್ಕವು ದಾಟುವುದಿಲ್ಲ. ಸಾವಿರ ಜನ ಕೇಳಿದ ಪ್ರಶ್ನೆ, ಬೆರಳೆಣಿಕೆಯ ಜನ ಕೇಳಿದ ಹತ್ತಾರು ಪ್ರಶ್ನೆಗಳಾಗಿ ಚೂರಾಗಿ ಕಸದ ಬುಟ್ಟಿ ಸೇರುತ್ತದೆ. ಅದೇ ಸಾವಿರ ಜನ ಇಂಗ್ಲಿಷ್‌ನಲ್ಲಿ ಕೇಳಿದ್ದರೆ ನಾಲ್ಕೈದು ರೂಪಗಳಲ್ಲಿ ಮುಗಿಯುತ್ತಿತ್ತು, ಎಲ್ಲವೂ ದಾಟುತ್ತಿದ್ದವು. ಮುಂದೆ ಭಾರತವೂ ಯುರೋಪಿನ ನಿಯಮವನ್ನು ನಕಲು ಮಾಡಿದರೆ ಕನ್ನಡ, ತುಳು, ಕೊಂಕಣಿ, ಕೊಡವದಂಥ ಭಾಷೆಗಳ ಪಾಲಿಗೆ ಆ ಪಟ್ಟಿ ಖಾಲಿ ಹಾಳೆಯಾಗಿ ಬರುತ್ತದೆ. ನಾವು ಈ ಪತ್ರ ಬರೆಯಲು ಮುಖ್ಯ ಕಾರಣ ಇದು.

ಪರಿಹಾರ ಕಷ್ಟದ್ದಲ್ಲ. ಎಣಿಕೆಯನ್ನು ಅಕ್ಷರಶಃ ಒಂದೇ ಆಗಿರುವ ಸಾಲುಗಳ ಮೇಲೆ ಮಾಡದೆ, ಕಾಗುಣಿತ, ಪ್ರತ್ಯಯ, ಲಿಪಿಯ ವ್ಯತ್ಯಾಸಗಳನ್ನು ಸಮೀಕರಿಸಿದ ಗುಂಪಿನ ಮೇಲೆ ಮಾಡಲು ಹೇಳಬೇಕು. ಗುಂಪಿನಲ್ಲಿ 30 ಜನ ಇದ್ದರೆ ಗುಂಪಿನ ಎಲ್ಲ ರೂಪಗಳೂ ಹೊರಬರಲಿ. ಅಷ್ಟಕ್ಕೂ ಅನುಮಾನವಿದ್ದರೆ ಇನ್ನೊಂದು ದಾರಿ: ಇಡೀ ಸಾಲನ್ನು ಎಣಿಸುವ ಬದಲು ಸಾಲಿನ ಪ್ರತಿ ಪದವನ್ನೂ, ಅಕ್ಕಪಕ್ಕದ ಎರಡೆರಡು ಪದಗಳ ಜೋಡಿಯನ್ನೂ ಸಾಕಷ್ಟು ಜನ ಬಳಸಿದ್ದಾರೆಯೇ ಎಂದು ನೋಡುವುದು. ವ್ಯಕ್ತಿಯ ಹೆಸರು, ಫೋನ್ ನಂಬರು, ಸರ್ವೆ ನಂಬರು ಇರುವ ಸಾಲು ಇದರಲ್ಲಿ ತಾನಾಗಿ ಸೋಸಿಹೋಗುತ್ತದೆ, ಯಾಕೆಂದರೆ ಆ ಪದಜೋಡಿಯನ್ನು ಬೇರೆಯವರು ಬರೆದಿರುವುದಿಲ್ಲ. ‘ಕೊಬ್ರಿ ರೇಟು’ ಉಳಿಯುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯ ಆಶಯಕ್ಕೂ ಇದು ಒಪ್ಪುತ್ತದೆ. ಖಾಸಗಿತನದ ವಿಷಯದಲ್ಲಿ ಸಡಿಲಿಕೆ ಕೊಡಿ ಎಂದು ನಾವು ಕೇಳುತ್ತಿಲ್ಲ; ಆಸ್ಪತ್ರೆ, ಕಾಯಿಲೆ, ಕೋರ್ಟು ಕಚೇರಿಯ ಹುಡುಕಾಟಗಳಲ್ಲಿ ಜನ ಏನೇನು ಬರೆಯುತ್ತಾರೆಂದು ಬಲ್ಲವರಿಗೆ ಅದರ ಬೆಲೆ ಗೊತ್ತು.

ಭಾಷೆಯನ್ನು ಎಣಿಸುವ ಬಗೆಯನ್ನೂ ಆದೇಶದಲ್ಲೇ ಬರೆಯಬೇಕು. ಕಂಪನಿಗಳಿಗೆ ಸುಲಭವಾಗಿ ಸಿಗುವ ಅಂಕಿ ಎಂದರೆ ಫೋನಿನ ಸೆಟ್ಟಿಂಗ್‌ನಲ್ಲಿರುವ ಭಾಷೆ. ಅದು ಕನ್ನಡಿಗರ ವಿಷಯದಲ್ಲಿ ಕೆಲಸಕ್ಕೆ ಬಾರದು. ಫೋನನ್ನು ಇಂಗ್ಲಿಷ್‌ನಲ್ಲೇ ಇಟ್ಟುಕೊಂಡು ಕನ್ನಡದಲ್ಲಿ ಮಾತಾಡಿ ಹುಡುಕುವವರು ಬಹಳ. ಲಿಪಿ ನೋಡಿ ಎಣಿಸಿದರೂ ತಪ್ಪುತ್ತದೆ, ಇಂಗ್ಲಿಷ್ ಅಕ್ಷರದ ಕನ್ನಡವೆಲ್ಲ ಇಂಗ್ಲಿಷ್ ಖಾತೆಗೆ ಜಮೆಯಾಗುತ್ತದೆ. ಪದಗಳನ್ನು ನೋಡಿಯೇ ಭಾಷೆ ಗುರುತಿಸಬೇಕು, ದನಿಯಲ್ಲಿ ಕೇಳಿದ್ದನ್ನು ಬೇರೆಯಾಗಿ ತೋರಿಸಬೇಕು. ಹೀಗೆ ಎಣಿಸಿದ ಭಾಷಾವಾರು ಪಟ್ಟಿಯನ್ನು ಮೂರು ತಿಂಗಳಿಗೊಮ್ಮೆ ಆಯೋಗಕ್ಕೆ ಸಲ್ಲಿಸುವಂತಾದರೆ, ಯಾವ ಭಾಷೆಯಲ್ಲಿ ಪೈಪೋಟಿ ಸತ್ತಿದೆ ಎಂಬುದು ಮೊದಲ ಬಾರಿಗೆ ಕಣ್ಣಿಗೆ ಬೀಳುತ್ತದೆ.

ಕ್ಲಿಕ್ ದತ್ತಾಂಶ ಕೈಗೆ ಬಂದರೂ ಪುಟಗಳ ಇಂಡೆಕ್ಸ್ ಬೇಕಲ್ಲ. ಹೊಸ ಎಂಜಿನ್ ಶುರುಮಾಡುವವರು ಇದುವರೆಗೆ ಮಾಡುತ್ತಿದ್ದುದು ಬಿಂಗ್‌ನ ಫಲಿತಾಂಶಗಳನ್ನು ಬಾಡಿಗೆಗೆ ಪಡೆದು, ಅದರ ಮೇಲೆ ತಮ್ಮ ಕೆಲಸ ಸೇರಿಸುವುದು. 2023ರಲ್ಲಿ ಮೈಕ್ರೊಸಾಫ್ಟ್ ಆ ಬಾಡಿಗೆಯನ್ನು ಹಲವು ಪಟ್ಟು ಏರಿಸಿತು. 2025ರ ಆಗಸ್ಟ್ 11ರಂದು ಸಾರ್ವಜನಿಕರಿಗೆ ತೆರೆದಿದ್ದ ಆ ಎಪಿಐಯನ್ನೇ, ಎಂದರೆ ಫಲಿತಾಂಶ ಪಡೆಯುವ ಕೊಂಡಿಯನ್ನೇ, ಮುಚ್ಚಿತು. ಪ್ರತ್ಯೇಕ ಒಪ್ಪಂದ ಮಾಡಿಕೊಂಡ ದೊಡ್ಡವರು ಉಳಿದರು, ಸಣ್ಣವರು ಬೀದಿಗೆ ಬಿದ್ದರು. ಸ್ವಂತ ಇಂಡೆಕ್ಸ್ ಎಂದು ಹೇಳಿಕೊಳ್ಳಬಲ್ಲವರು ಗೂಗಲ್, ಬಿಂಗ್, ರಷ್ಯಾದ ಯಾಂಡೆಕ್ಸ್, ಚೀನಾದ ಬೈದು, ಕೊರಿಯಾದ ನೇವರ್, ಜೆಕ್ ದೇಶದ ಸೆಜ್ನಮ್, ಬ್ರೇವ್, ಬ್ರಿಟನ್ನಿನ ಮೊಜೀಕ್ ಸೇರಿದಂತೆ ಕೆಲವೇ ಮಂದಿ. ಕೊರಿಯಾ, ಜೆಕ್ ಹೆಸರುಗಳನ್ನು ಗಮನಿಸಬೇಕೆಂದು ಕೋರುತ್ತೇವೆ. ಜೆಕ್ ಭಾಷೆ ಆಡುವವರು ಕನ್ನಡಿಗರ ಕಾಲುಭಾಗದಷ್ಟಿದ್ದಾರೆ. 1996ರಲ್ಲಿ ಹುಟ್ಟಿದ ಸೆಜ್ನಮ್ ತಮ್ಮ ಭಾಷೆಯ ಪದರೂಪಗಳನ್ನು ಚೆನ್ನಾಗಿ ಅರಿತು, ಡೀಫಾಲ್ಟ್‌ಗಳ, ಎಂದರೆ ಫೋನು, ಬ್ರೌಸರಿನಲ್ಲಿ ಮೊದಲೇ ಹಾಕಿಟ್ಟಿರುವ ಎಂಜಿನ್‌ಗಳ, ಕಾಲ ಬರುವ ಮೊದಲೇ ಬೇರೂರಿದ್ದರಿಂದ ಉಳಿದುಕೊಂಡಿತು. ಬೆಂಗಳೂರಿನಲ್ಲೂ 2006ರಲ್ಲಿ ಗುರೂಜಿ ಡಾಟ್ ಕಾಮ್ ಎಂಬ ಎಂಜಿನ್ ಹುಟ್ಟಿತ್ತು, ಕನ್ನಡವೂ ಸೇರಿ ಭಾರತೀಯ ಭಾಷೆಗಳಲ್ಲಿ ಹುಡುಕಿಕೊಡುತ್ತಿತ್ತು. ಕೆಲವೇ ವರ್ಷಗಳಲ್ಲಿ ನಿಂತುಹೋಯಿತು.

ಪುಟಗಳನ್ನು ತರಲು ಕ್ರಾಲರ್ ಎಂಬ ತಂತ್ರಾಂಶ ಓಡಿಸಬೇಕು. ಸೈಟಿಗೆ ಹೊರೆಯಾಗದಂತೆ ಮರ್ಯಾದೆಯಿಂದ 10 ಸೆಕೆಂಡಿಗೆ ಒಂದು ಪುಟ ತಂದರೆ ದಿನಕ್ಕೆ 8,640 ಪುಟ. 5 ಲಕ್ಷ ಪುಟಗಳಿರುವ ಒಂದು ಸುದ್ದಿತಾಣ ಮುಗಿಯಲು 58 ದಿನ. ಅಷ್ಟರಲ್ಲಿ ಮೊದಲ ದಿನ ತಂದದ್ದು ಹಳಸಿರುತ್ತದೆ. ಸೆಕೆಂಡಿಗೆ 5 ಪುಟ ತರಲು ಬಿಟ್ಟರೆ ಅದೇ ಕೆಲಸ ಒಂದು ದಿನದ ಮೇಲೆ ಕೆಲವು ಗಂಟೆಗಳಲ್ಲಿ ಮುಗಿಯುತ್ತದೆ. ಗೂಗಲ್‌ನ ಕ್ರಾಲರ್‌ಗೆ ಎಲ್ಲರೂ ಬಾಗಿಲು ತೆರೆಯುತ್ತಾರೆ, ಅಲ್ಲಿ ಕಾಣಿಸದಿದ್ದರೆ ಓದುಗರೇ ಬರುವುದಿಲ್ಲವಲ್ಲ. ಹೊಸಬರ ಕ್ರಾಲರ್ ಬಂದರೆ ಸೈಟಿನ ಮುಂದಿರುವ ಕಾವಲು ತಂತ್ರಾಂಶ ಅದನ್ನು ಕಳ್ಳನೆಂದು ಭಾವಿಸಿ 403, ಎಂದರೆ ‘ಪ್ರವೇಶವಿಲ್ಲ’, ಎಂದು ಅಟ್ಟಿಬಿಡುತ್ತದೆ. ಕೆಲವು ತಾಣಗಳವರು, ಯಾವ ಕ್ರಾಲರ್ ಒಳಬರಬಹುದೆಂದು ಹೇಳುವ ರೋಬಾಟ್ಸ್ ಕಡತದಲ್ಲಿ ಗೂಗಲ್‌ಬಾಟ್‌ಗೆ ಮಾತ್ರ ಪ್ರವೇಶ ಕೊಟ್ಟು, ಉಳಿದವರೆಲ್ಲರಿಗೂ ಒಂದೇ ಸಾಲಿನಲ್ಲಿ ನಿಷೇಧ ಬರೆದಿರುತ್ತಾರೆ. ಖಾಸಗಿ ತಾಣದವರನ್ನು ಆಯೋಗ ಒತ್ತಾಯಿಸಲಾರದು. ಆದರೆ 2025ರ ಸೆಪ್ಟೆಂಬರ್ 2ರ ಪರಿಹಾರ ಆದೇಶದಲ್ಲಿ ಮೆಹ್ತಾ ಅವರು ಗೂಗಲ್‌ನ ಇಂಡೆಕ್ಸ್‌ನ ಕೆಲವು ದತ್ತಾಂಶ ಮತ್ತು ಬಳಕೆದಾರರ ದತ್ತಾಂಶವನ್ನು ಅರ್ಹ ಎದುರಾಳಿಗಳಿಗೆ ಕೊಡಬೇಕೆಂದು, ಫಲಿತಾಂಶಗಳನ್ನೂ ಸಿಂಡಿಕೇಟ್ ಮಾಡಬೇಕೆಂದು (ಎದುರಾಳಿಗಳೂ ತೋರಿಸುವಂತೆ ಒದಗಿಸಬೇಕೆಂದು) ವಿಧಿಸಿದ್ದಾರೆ. ಕ್ರೋಮ್ ಮಾರಬೇಕೆಂಬ ಅಮೆರಿಕ ಸರ್ಕಾರದ ಬೇಡಿಕೆಯನ್ನು ಅವರು ಒಪ್ಪಲಿಲ್ಲ. ಅದು ಅಮೆರಿಕದ ಮಾರುಕಟ್ಟೆಗಾಗಿ ಕೊಟ್ಟ ಪರಿಹಾರ, ಕನ್ನಡದ ಪುಟಗಳ ಚಿಂತೆ ಅದಕ್ಕಿಲ್ಲ. ಭಾರತದಲ್ಲಿ ಇಂಥದ್ದನ್ನು ಮಾಡುವಾಗ ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳ ಪುಟಗಳನ್ನು ಮೊದಲು ಕೊಡಿಸಿ. ಇಡೀ ವೆಬ್‌ನ ಮುಂದೆ ಅವುಗಳ ಗಾತ್ರ ಬಹಳ ಸಣ್ಣದು, ಕೊಡುವವರಿಗೆ ಹೊರೆಯಲ್ಲ, ಪಡೆಯುವವರಿಗೆ ಜೀವ.

ಇನ್ನು ಆಯ್ಕೆಯ ಪರದೆ, ಎಂದರೆ ಯಾವ ಎಂಜಿನ್ ಬೇಕೆಂದು ಫೋನು ಕೇಳುವ ಪರದೆ. 2022ರ ಆದೇಶದಲ್ಲಿ, ಫೋನ್ ಮೊದಲು ಸೆಟಪ್ ಮಾಡುವಾಗಲೇ ಹುಡುಕಾಟದ ಎಲ್ಲ ದ್ವಾರಗಳಿಗೂ ಡೀಫಾಲ್ಟ್ ಎಂಜಿನ್ ಆರಿಸಿಕೊಳ್ಳಲು ಬಿಡಬೇಕು, ಆಮೇಲೆ ಬದಲಿಸುವುದೂ ಆದಷ್ಟು ಕಡಿಮೆ ಹೆಜ್ಜೆಗಳಲ್ಲಿ ಆಗಬೇಕು ಎಂದು ಆಯೋಗ ಹೇಳಿತು. 2023ರ ಮಾರ್ಚ್ 29ರಂದು ಮೇಲ್ಮನವಿ ನ್ಯಾಯಮಂಡಳಿ ಹತ್ತು ನಿರ್ದೇಶನಗಳಲ್ಲಿ ನಾಲ್ಕನ್ನು ರದ್ದು ಮಾಡಿದರೂ ಇದು ಉಳಿಯಿತು. ಒಳ್ಳೆಯ ನಿರ್ದೇಶನ, ಆದರೆ ಇದು ಸೋರುವ ಜಾಗಗಳು ನಾಲ್ಕಾರಿವೆ.

ನಮ್ಮೂರುಗಳಲ್ಲಿ ಹೊಸ ಫೋನನ್ನು ಸೆಟಪ್ ಮಾಡುವುದು ಎಷ್ಟೋ ಬಾರಿ ಕೊಂಡವರಲ್ಲ. ಅಂಗಡಿಯ ಹುಡುಗ ಸಿಮ್ ಹಾಕಿ, ಜಿಮೇಲ್ ಖಾತೆ ತೆರೆದು, ‘ನೆಕ್ಸ್ಟ್, ನೆಕ್ಸ್ಟ್, ಅಗ್ರೀ’ ಎಂದು ಒತ್ತಿ, ಗಾಜಿನ ಮೇಲೆ ಟೆಂಪರ್ಡ್ ಅಂಟಿಸಿ ಕೈಗೆ ಕೊಡುತ್ತಾನೆ. ಆಯ್ಕೆಯ ಪರದೆ ಬಂದದ್ದೂ ಹೋದದ್ದೂ ಗಿರಾಕಿಗೆ ಗೊತ್ತಾಗುವುದಿಲ್ಲ. ಹಾಗಾಗಿ ಒಂದು ವಾರ ಬಳಸಿದ ಮೇಲೆ, ಫೋನಿನ ಮಾಲೀಕರು ತಾವಾಗಿ ಹುಡುಕಲು ಹೊರಟ ಹೊತ್ತಿನಲ್ಲಿ, ಪರದೆ ಇನ್ನೊಮ್ಮೆ ಬರಬೇಕು. ಈಗಾಗಲೇ ಜನರ ಕೈಯಲ್ಲಿರುವ ಕೋಟ್ಯಂತರ ಫೋನುಗಳಿಗೂ ಅಪ್‌ಡೇಟ್ ಮೂಲಕ ಬರಬೇಕು. ಪರದೆಯ ಭಾಷೆ ಫೋನಿನ ಭಾಷೆಗೆ ಕಟ್ಟುಬೀಳದೆ, ಅಲ್ಲೇ ಕನ್ನಡಕ್ಕೆ ಬದಲಿಸಿಕೊಳ್ಳುವ ಗುಂಡಿ ಇರಬೇಕು. ಎಂಜಿನ್‌ಗಳ ಕ್ರಮ ಪ್ರತಿ ಬಾರಿ ಬೇರೆಯಾಗಿರಬೇಕು, ಒಂದೊಂದರ ಕೆಳಗೂ ಎರಡು ಸಾಲಿನ ವಿವರಣೆ ಇರಬೇಕು. ಯುರೋಪಿನಲ್ಲಿ 2020ರ ಮಾರ್ಚಿನಲ್ಲಿ ಈ ಪರದೆ ಶುರುವಾದಾಗ ಅದರ ಮೇಲಿನ ಜಾಗವನ್ನು ಗೂಗಲ್ ಹರಾಜು ಹಾಕುತ್ತಿತ್ತು. ಹೆಚ್ಚು ಹಣ ಕೂಗುವವರು, ಅಂದರೆ ಬಳಕೆದಾರರಿಂದ ಹೆಚ್ಚು ಹಣ ಹಿಂಡುವವರು, ಗೆಲ್ಲುತ್ತಿದ್ದರು. 2021ರ ಸೆಪ್ಟೆಂಬರಿನಿಂದ ಹರಾಜು ನಿಲ್ಲಿಸಿ ಉಚಿತ ಮಾಡಬೇಕಾಯಿತು. ಆ ತಪ್ಪನ್ನು ಇಲ್ಲಿ ಮತ್ತೆ ಮಾಡುವುದು ಬೇಡ.

‘ಎಲ್ಲ ದ್ವಾರಗಳು’ ಎಂಬ ಮಾತನ್ನು ಹೆಸರಿಟ್ಟು ಬಿಡಿಸಬೇಕು. ಈಗ ಬಳಕೆದಾರ ತಾನೇ ಬದಲಿಸಲು ಹೊರಟರೆ ಆಗುವುದು ಹೀಗೆ. ಕ್ರೋಮ್ ತೆರೆದು, ಮೂರು ಚುಕ್ಕಿ ಒತ್ತಿ, ಸೆಟ್ಟಿಂಗ್ಸ್‌ನಲ್ಲಿ ಸರ್ಚ್ ಎಂಜಿನ್ ಎಂಬಲ್ಲಿ ಬೇರೆಯದನ್ನು ಆರಿಸಬಹುದು. ಪಟ್ಟಿಯಲ್ಲಿಲ್ಲದ ಎಂಜಿನ್ ಬೇಕಾದರೆ ಮೊದಲು ಆ ತಾಣಕ್ಕೆ ಹೋಗಿ ಏನಾದರೂ ಒಂದು ಹುಡುಕಬೇಕು, ಆಮೇಲೆ ಅದು ಪಟ್ಟಿಯ ಕೆಳಗೆ ‘ಇತ್ತೀಚೆಗೆ ಭೇಟಿ ಕೊಟ್ಟದ್ದು’ ಎಂಬಲ್ಲಿ ಕಾಣಿಸುತ್ತದೆ. ಇಷ್ಟು ಮಾಡಿದ ಮೇಲೂ ಹೋಂ ಸ್ಕ್ರೀನಿನ ಮೇಲಿರುವ ಸರ್ಚ್ ಪಟ್ಟಿ ಹಳೆಯ ಎಂಜಿನ್ನಿಗೇ ಹೋಗುತ್ತದೆ, ಅದು ಬೇರೆ ಆ್ಯಪ್‌ಗೆ ಸೇರಿದ್ದು. ಅದನ್ನು ಒತ್ತಿಹಿಡಿದು ತೆಗೆದು, ಪ್ಲೇ ಸ್ಟೋರಿನಿಂದ ಇನ್ನೊಂದು ಸರ್ಚ್ ಆ್ಯಪ್ ಇಳಿಸಿ, ಖಾಲಿ ಜಾಗವನ್ನು ಒತ್ತಿಹಿಡಿದು ವಿಜೆಟ್ಸ್‌ನಿಂದ ಅದರ ಪಟ್ಟಿ ಎಳೆದು ತರಬೇಕು. ಕೆಲವು ಫೋನುಗಳಲ್ಲಿ ಆ ಪಟ್ಟಿ ಜಾಗ ಬಿಟ್ಟು ಕದಲುವುದೇ ಇಲ್ಲ. ಆಮೇಲೆ ದನಿಯ ಸಹಾಯಕ: ಸೆಟ್ಟಿಂಗ್ಸ್, ಆ್ಯಪ್ಸ್, ಡೀಫಾಲ್ಟ್ ಆ್ಯಪ್ಸ್, ಡಿಜಿಟಲ್ ಅಸಿಸ್ಟೆಂಟ್. ಅಕ್ಷರ ಟೈಪ್ ಮಾಡಲು ಬೇಸರಪಡುವ ಕನ್ನಡಿಗರು ಹೆಚ್ಚು ಬಳಸುವುದು ಈ ಮೂರನೇ ದ್ವಾರವನ್ನೇ, ಮೈಕಿನ ಗುರುತನ್ನು. ಒಂದು ಸಲ ಆರಿಸಿದ್ದು ಮೂರಕ್ಕೂ ತಾಗಬೇಕು. ಯುರೋಪಿನ ಆಂಡ್ರಾಯ್ಡ್ ಫೋನುಗಳಲ್ಲಿ ಆಯ್ಕೆ ಮಾಡಿದ ಎಂಜಿನ್ ಹೋಂ ಸ್ಕ್ರೀನಿನ ಪಟ್ಟಿಗೂ ಕ್ರೋಮ್‌ಗೂ ಒಟ್ಟಿಗೆ ಅನ್ವಯವಾಗುತ್ತದೆ, ಹಾಗಾಗಿ ತಾಂತ್ರಿಕವಾಗಿ ಆಗದ ಕೆಲಸ ಎಂಬ ವಾದ ನಿಲ್ಲುವುದಿಲ್ಲ.

ಡೀಫಾಲ್ಟ್‌ನ ಬಲ ಎಷ್ಟೆಂಬುದಕ್ಕೆ ಆ ಅಮೆರಿಕದ ತೀರ್ಪಿನಲ್ಲೇ ಅಂಕಿ ಇದೆ: ಡೀಫಾಲ್ಟ್ ಜಾಗಗಳಿಗಾಗಿ ಗೂಗಲ್ 2021ರಲ್ಲಿ 2,630 ಕೋಟಿ ಡಾಲರ್ ಪಾವತಿಸಿತ್ತು. ಗೂಗಲ್‌ನ ಜಾಹೀರಾತು ವಿಭಾಗದ ಮುಖ್ಯಸ್ಥರಾಗಿದ್ದ ಶ್ರೀಧರ್ ರಾಮಸ್ವಾಮಿ ಕಟ್ಟಿದ ನೀವಾ ಎಂಬ ಎಂಜಿನ್ 2023ರಲ್ಲಿ ಸಾರ್ವಜನಿಕ ಹುಡುಕಾಟ ನಿಲ್ಲಿಸಿದಾಗ ಸ್ಥಾಪಕರು ಹೇಳಿದ್ದು, ಜನರಿಂದ ದುಡ್ಡು ಕೊಡಿಸುವುದಕ್ಕಿಂತ ಒಮ್ಮೆ ಬಳಸಿ ನೋಡುವಂತೆ ಮಾಡುವುದೇ ಕಷ್ಟವಾಗಿತ್ತು ಎಂದು. ಹುಡುಕಾಟದ ಒಳಹೊರಗು ಬಲ್ಲವರ ಗತಿಯೇ ಹೀಗಾಯಿತು.

ಎಐ ಉತ್ತರಗಳ ಬಗ್ಗೆ ಒಂದೇ ಮಾತು. ಹುಡುಕಾಟದ ಪುಟದ ಮೇಲೇ ಉತ್ತರ ಬರೆದುಕೊಡುವ ವ್ಯವಸ್ಥೆ ಕನ್ನಡಕ್ಕೂ ಬಂದಿದೆ. ಕನ್ನಡದ ಸುದ್ದಿತಾಣವೊಂದು ತನ್ನ ಬರಹ ಅದರಲ್ಲಿ ಬೇಡ ಎನ್ನಬೇಕಾದರೆ, ಸಾಮಾನ್ಯ ಫಲಿತಾಂಶದಲ್ಲಿ ತೋರುವ ಎರಡು ಸಾಲಿನ ಪರಿಚಯವನ್ನೂ ಬಿಟ್ಟುಕೊಡುವಂಥ ಟ್ಯಾಗ್ ಹಾಕಬೇಕಾಗುತ್ತದೆ. ಎಐ ಮಾದರಿಗಳ ತರಬೇತಿಗೆ ಬೇಡ ಎನ್ನಲು ರೋಬಾಟ್ಸ್ ಕಡತದಲ್ಲಿ ಬರೆಯುವ ಬೇರೆ ಸೂಚನೆ ಇದೆ, ಅದು ಈ ಉತ್ತರಗಳಿಗೆ ಅನ್ವಯಿಸುವುದಿಲ್ಲ. ಸುದ್ದಿ ಪ್ರಕಾಶಕರ ದೂರಿನ ಮೇಲೆ 2022ರ ಜನವರಿಯಲ್ಲಿ ಆಯೋಗ ಆದೇಶಿಸಿದ ತನಿಖೆಯ ವ್ಯಾಪ್ತಿಗೆ ಇದನ್ನೂ ತರಬೇಕು.

2024ರ ಮಾರ್ಚಿನ ಡಿಜಿಟಲ್ ಸ್ಪರ್ಧಾ ಮಸೂದೆಯ ಕರಡಿನಲ್ಲಿ ಮುಖ್ಯ ಡಿಜಿಟಲ್ ಸೇವೆಗಳ ಪಟ್ಟಿಯ ಮೊದಲ ಹೆಸರೇ ಆನ್‌ಲೈನ್ ಸರ್ಚ್ ಎಂಜಿನ್. ಭಾರತದಲ್ಲಿ 4,000 ಕೋಟಿ ರೂಪಾಯಿ ವಹಿವಾಟು, 1 ಕೋಟಿ ಬಳಕೆದಾರರು ಎಂಬಂಥ ಗಡಿಗಳೂ ಅದರಲ್ಲಿವೆ. ಭಾಷೆ ಎಂಬ ಪದಕ್ಕೆ ಅದರಲ್ಲಿ ತೂಕವಿಲ್ಲ. ಮಸೂದೆ ಕಾಯ್ದೆಯಾಗುವವರೆಗೆ ಕಾಯಬೇಕಿಲ್ಲ ಎಂದೇ ನಮ್ಮ ಅಭಿಪ್ರಾಯ. ಸ್ಪರ್ಧಾ ಕಾಯ್ದೆಯ 2023ರ ತಿದ್ದುಪಡಿಯ ನಂತರ ರಾಜಿ ಮತ್ತು ಬದ್ಧತೆಯ ದಾರಿ ಆಯೋಗಕ್ಕೆ ತೆರೆದಿದೆ. ಆಂಡ್ರಾಯ್ಡ್ ಟಿವಿ ಪ್ರಕರಣ 2025ರ ಏಪ್ರಿಲ್‌ನಲ್ಲಿ 20.24 ಕೋಟಿ ರೂಪಾಯಿಯ ರಾಜಿಯಲ್ಲಿ ಮುಗಿಯಿತು. ಮುಂದೆ ಹುಡುಕಾಟಕ್ಕೆ ಸಂಬಂಧಿಸಿದ ಯಾವುದೇ ರಾಜಿಯ ಷರತ್ತುಗಳಲ್ಲಿ ಭಾಷಾವಾರು ವರದಿ, ಗುಂಪಿನ ಮೇಲಿನ ಎಣಿಕೆ, ಎಲ್ಲ ದ್ವಾರಗಳ ಪಟ್ಟಿ, ಈ ಮೂರು ಬರಹದಲ್ಲಿರಲಿ.

ರಾಜ್ಯ ಸರ್ಕಾರಕ್ಕೂ ಇಲ್ಲಿ ಪಾಲಿದೆ. ಇಲಾಖೆಗಳ ಹಳೆಯ ಸುತ್ತೋಲೆ, ಆದೇಶಗಳ ಪಿಡಿಎಫ್‌ಗಳು ‘ನುಡಿ’ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿವೆ. ಕಣ್ಣಿಗೆ ‘ಕನ್ನಡ’ ಎಂದು ಕಂಡರೂ ಕಡತದ ಒಳಗೆ ಆ ಪದ ಪಿ ಎಂಬ ಇಂಗ್ಲಿಷ್ ಅಕ್ಷರದಿಂದ ಶುರುವಾಗುತ್ತದೆ. ದೊಡ್ಡ ಕಂಪನಿಗಳು ಪುಟದ ಚಿತ್ರ ತೆಗೆದು, ಚಿತ್ರದಿಂದ ಅಕ್ಷರ ಗುರುತಿಸುವ ಓಸಿಆರ್‌ನಿಂದ ಓದಿಸಿಕೊಳ್ಳಬಲ್ಲವು, ಸಣ್ಣವರಿಗೆ ಆ ಖರ್ಚು ತಾಳದು. ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ, ಆದರೆ ಕನ್ನಡದ ನಡುವೆ ಬಂದ ನಿಜವಾದ ಇಂಗ್ಲಿಷ್ ಪದಗಳನ್ನೂ ಅವು ಕನ್ನಡವೆಂದು ತಿಳಿದು ಕಲಸಿಬಿಡುತ್ತವೆ. ಮೂಲ ಕಡತ ಇಲಾಖೆಯಲ್ಲೇ ಇದೆ, ಅಲ್ಲಿ ಯಾವ ಸಾಲಿಗೆ ಯಾವ ಅಕ್ಷರಶೈಲಿ ಎಂಬುದು ದಾಖಲಾಗಿರುತ್ತದೆ. ಅಲ್ಲೇ ಯೂನಿಕೋಡ್‌ಗೆ ಬದಲಿಸಿದರೆ ಈ ತಪ್ಪಾಗದು. ಸರ್ಕಾರಿ ತಾಣಗಳ ರೋಬಾಟ್ಸ್ ಕಡತ ಎಲ್ಲ ಕ್ರಾಲರ್‌ಗಳನ್ನೂ ಸಮನಾಗಿ ಬಿಡಲಿ, ತಾಣದ ಪುಟಗಳ ಪಟ್ಟಿಯಾದ ಸೈಟ್‌ಮ್ಯಾಪಿನಲ್ಲಿ ಪುಟ ಬದಲಾದ ದಿನಾಂಕ ಇರಲಿ. ಸಾರ್ವಜನಿಕ ಹಣದಲ್ಲಿ ಬರೆದ ಪುಟ ಒಂದೇ ಎಂಜಿನ್ನಿಗೆ ಕಾಣಿಸುವುದು ಸರಿಯಲ್ಲ.

ಕೊನೆಗೆ ಒಂದು ವಿನಂತಿ. ಆಯೋಗದ ತನಿಖಾ ವಿಭಾಗ ಒಂದು ಮಧ್ಯಾಹ್ನ ಬಿಡುವು ಮಾಡಿಕೊಂಡು ಬೇರೆ ಬೇರೆ ಕಂಪನಿಗಳ, 10ರಿಂದ 15 ಸಾವಿರ ರೂಪಾಯಿಯ ಮೂರು ಹೊಸ ಫೋನುಗಳನ್ನು ತರಿಸಿಕೊಳ್ಳಲಿ. ಕನ್ನಡ ಬಲ್ಲ ಒಬ್ಬರನ್ನು ಕೂರಿಸಿಕೊಂಡು ಪೆಟ್ಟಿಗೆ ಒಡೆದು ಸೆಟಪ್ ಮಾಡಲಿ. ಆಯ್ಕೆಯ ಪರದೆ ಬಂತೇ, ಯಾವ ಭಾಷೆಯಲ್ಲಿ ಬಂತು, ಬಂದದ್ದು ಯಾವ ದ್ವಾರಗಳಿಗೆ ತಾಗಿತು ಎಂದು ಬರೆದುಕೊಳ್ಳಲಿ. ಮೂರು ದ್ವಾರಗಳನ್ನೂ ಬೇರೆ ಎಂಜಿನ್ನಿಗೆ ಬದಲಿಸಲು ಎಷ್ಟು ಬಾರಿ ಒತ್ತಬೇಕಾಯಿತು ಎಂದು ಎಣಿಸಲಿ. ಬಳಿಕ ಪಹಣಿ, ಪಿಂಚಣಿ, ಬೆಳೆವಿಮೆ, ಕೊಬ್ಬರಿ ಧಾರಣೆ, ಹಾವು ಕಚ್ಚಿದಾಗ ಮಾಡಬೇಕಾದ್ದು, ಹೀಗೆ ಇಪ್ಪತ್ತು ಪ್ರಶ್ನೆಗಳನ್ನು ಕನ್ನಡ ಲಿಪಿಯಲ್ಲಿ ಒಮ್ಮೆ, ಇಂಗ್ಲಿಷ್ ಅಕ್ಷರದಲ್ಲಿ ಒಮ್ಮೆ, ದನಿಯಲ್ಲಿ ಒಮ್ಮೆ ನಾಲ್ಕು ಎಂಜಿನ್‌ಗಳಲ್ಲಿ ಕೇಳಲಿ. ಒಟ್ಟು 240 ಹುಡುಕಾಟ. ಎಂಜಿನ್ ಯಾವುದೆಂದು ಕಾಣದಂತೆ ಮುಚ್ಚಿ, ಮೊದಲ ಐದು ಫಲಿತಾಂಶಗಳಿಗೆ ಇಬ್ಬರು ಬೇರೆ ಬೇರೆಯಾಗಿ ಅಂಕ ಕೊಡಲಿ, ಆ ಕೋಷ್ಟಕವನ್ನು ಹಾಗೆಯೇ ಪ್ರಕಟಿಸಲಿ. ಇದೇ ಇಪ್ಪತ್ತು ಪ್ರಶ್ನೆಗಳನ್ನು ಇಂಗ್ಲಿಷ್‌ನಲ್ಲಿ ಕೇಳಿದ ಕೋಷ್ಟಕವನ್ನೂ ಅದರ ಪಕ್ಕದಲ್ಲೇ ಇಡಲಿ. ಪ್ರಶ್ನೆಗಳನ್ನು ಸಿದ್ಧಪಡಿಸಿಕೊಡಲು, ಅಂಕ ಕೊಡುವವರಿಗೆ ಮಾರ್ಗಸೂಚಿ ಬರೆದುಕೊಡಲು ನಾವು ಸಿದ್ಧರಿದ್ದೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಭಾರತೀಯ ಭಾಷೆಗಳ ಹುಡುಕಾಟ ಮತ್ತು ಪಠ್ಯ ಸಂಸ್ಕರಣೆಯ ಕ್ಷೇತ್ರದಲ್ಲಿ ದುಡಿಯುವ ಕನ್ನಡಿಗರು